ಪದಚರ್ಚೆ: ಅಂತರಿಕ್ಷದ ಆಟದ ಕಳ್ಳರಿಗೆ ಕಟ್ಟುಪಾಡು – ಸುಲಿಗೆಯೋ, ದರೋಡೆಯೋ, ಸುಂಕವೋ?

ಬಳಗದವರಿಗೆ ನಮಸ್ಕಾರ.

ಹಾಸನ, ಚಿಕ್ಕಮಗಳೂರು ಕಡೆಯ ನಾವೊಂದಷ್ಟು ಜನ ರಾತ್ರಿ ಹೊತ್ತು ಆನ್‌ಲೈನ್‌ನಲ್ಲಿ ಅಂತರಿಕ್ಷದ ಆಟ ಆಡುತ್ತೇವೆ. ಹೆಚ್ಚಾಗಿ ‘ಎಲೀಟ್ ಡೇಂಜರಸ್’, ಕೆಲವರು ‘ಈವ್ ಆನ್‌ಲೈನ್’. ಒಬ್ಬೊಬ್ಬರಿಗೂ ಒಂದು ಪಾತ್ರ. ಸರಕು ಸಾಗಿಸುವವರು, ಗಣಿ ಕೊರೆಯುವವರು, ಅವರನ್ನು ಅಡ್ಡಗಟ್ಟಿ ದೋಚುವವರು. ದೋಚುವುದು ಇಲ್ಲಿ ತಪ್ಪಲ್ಲ, ಅದೂ ಒಂದು ಪಾತ್ರವೇ. ಆದರೆ ಅದಕ್ಕೊಂದು ಕಟ್ಟುಪಾಡು ಇಲ್ಲದಿದ್ದರೆ ಸರಕಿನವರು ಬೇಸತ್ತು ಆಟ ಬಿಡುತ್ತಾರೆ. ಆಮೇಲೆ ಕಳ್ಳರು ಕಳ್ಳರ ಮುಖ ನೋಡಿಕೊಂಡು ಕೂರಬೇಕು, ಅಷ್ಟೇ. ಆ ಕಟ್ಟುಪಾಡನ್ನು ಕನ್ನಡದಲ್ಲೇ ಬರೆಯಲು ಹೊರಟು ಪದಗಳಲ್ಲಿ ಸಿಕ್ಕಿಕೊಂಡಿದ್ದೇವೆ.

ಮೊದಲನೆಯದು ‘ಪೈರೇಟ್’. ಪೈರಸಿ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಸಿನಿಮಾ ಕದಿಯುವವರು. ಸೋಮಾಲಿಯಾ ಸುದ್ದಿ ಬರುತ್ತಿದ್ದ ಕಾಲದಿಂದ ಪತ್ರಿಕೆಗಳಲ್ಲಿ ‘ಕಡಲ್ಗಳ್ಳ’ ಓಡಾಡುತ್ತಿದೆ, ಚೆನ್ನಾಗಿಯೂ ಇದೆ. ಅದರ ಜಾಡು ಹಿಡಿದು ಒಬ್ಬರು ‘ಬಾನ್ಗಳ್ಳ’ ಅಂದರು. ಸಂಧಿ ಸರಿಯಾಗಿಯೇ ಇದೆ. ನನಗಿರುವ ಅನುಮಾನ ಬೇರೆ. ಸರಗಳ್ಳ ಸರ ಕದಿಯುತ್ತಾನೆ, ಮರಗಳ್ಳ ಮರ ಕದಿಯುತ್ತಾನೆ. ಕಾಡುಗಳ್ಳ, ಕಡಲ್ಗಳ್ಳ ಮಾತ್ರ ಕಾಡಲ್ಲಿ, ಕಡಲಲ್ಲಿ ಕದಿಯುವವರು. ಬಾನ್ಗಳ್ಳ ಯಾವ ಸಾಲಿಗೆ ಸೇರುತ್ತಾನೆ ಅಂತ ಕೇಳಿದವರಿಗೆ ತಟ್ಟನೆ ಹೊಳೆಯುತ್ತಾ? ನನಗಂತೂ ಹೊಳೆಯುತ್ತೆ ಅನಿಸುತ್ತೆ, ಬಾನನ್ನು ಯಾರೂ ಹೊತ್ತುಕೊಂಡು ಹೋಗಲಾರರಲ್ವಾ. ‘ಹಡಗುಗಳ್ಳ’ ಮಾತ್ರ ಬೇಡ. ಇವರು ಹಡಗು ಕದಿಯುವುದಿಲ್ಲ, ಅದರೊಳಗಿನ ಸರಕು ಇಳಿಸಿಕೊಳ್ಳುತ್ತಾರೆ.

ಎರಡನೆಯದೇ ನಿಜವಾದ ಕಗ್ಗಂಟು. ಇವರು ಮಾಡುವ ಕೆಲಸಕ್ಕೆ ಏನನ್ನಬೇಕು?

ಪತ್ರಿಕೆಗಳಲ್ಲಿ ಸುಲಿಗೆ, ದರೋಡೆ ಎರಡೂ ಬೆರೆತುಹೋಗಿವೆ. ಹಳೆಯ ದಂಡ ಸಂಹಿತೆಯ 383ನೇ ಸೆಕ್ಷನ್ ಹೇಳುವ ಸುಲಿಗೆ ಅಂದರೆ ಒಬ್ಬನನ್ನು ಹೆದರಿಸಿ, ಅವನ ಕೈಯಿಂದಲೇ ಕೊಡಿಸಿಕೊಳ್ಳುವುದು. 391ರ ಪ್ರಕಾರ ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ದೋಚಿದರೆ ಡಕಾಯಿತಿ. 2024ರ ಜುಲೈನಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಸೆಕ್ಷನ್ನಿನ ನಂಬರು ಬದಲಾಗಿದೆ, ಹೂರಣ ಹೆಚ್ಚುಕಡಿಮೆ ಅದೇ. (ಎದುರಿಗೇ ನಿಂತು ಜೀವಭಯ ಹುಟ್ಟಿಸಿ ಅಲ್ಲೇ ಕೊಡಿಸಿಕೊಂಡರೆ ಅದು ಬರೀ ಸುಲಿಗೆಯಲ್ಲ, ಅದಕ್ಕಿಂತ ದೊಡ್ಡ ಅಪರಾಧ ಅಂತ ಗುಂಪಿನ ವಕೀಲ ಮಿತ್ರ ತಕರಾರು ತೆಗೆದಿದ್ದಾನೆ. ಅವನ ಫೀಸು ಕಟ್ಟುವವರು ಯಾರೂ ಇಲ್ಲದ್ದರಿಂದ ಸದ್ಯಕ್ಕೆ ಬದಿಗಿಟ್ಟಿದ್ದೇವೆ.)

ನನ್ನ ಪ್ರಕಾರ ನಮಗೆ ಬೇಕಾದ ಪದ ಸುಲಿಗೆಯೇ. ಯಾಕೆ ಅಂದರೆ ಅದರಲ್ಲಿ ‘ಕೊಡು’ ಅಂತ ಕೇಳುವ ಮಾತು ಅಡಗಿದೆ. ಎಲೀಟ್‌ನಲ್ಲಿ ಕಳ್ಳ ಮೊದಲು ನಿಮ್ಮ ಹಡಗನ್ನು ಅತಿವೇಗದ ಓಟದಿಂದ ಹೊರಗೆಳೆದು ನಿಧಾನ ಮಾಡಿಸುತ್ತಾನೆ. ಸ್ಕ್ಯಾನ್ ಮಾಡಿ ಒಳಗೆ ಏನೇನಿದೆ ಅಂತ ನೋಡುತ್ತಾನೆ. ಆಮೇಲೆ ಬೇಡಿಕೆ. ಮೂಡಿಗೆರೆಯ ಗೆಳೆಯನೊಬ್ಬ ಪ್ರತಿ ಸಲವೂ ಒಂದೇ ಮಾತು ಬರೆಯುತ್ತಾನೆ: “ಸ್ವಾಮಿ, ಎಂಜಿನ್ ಆರಿಸಿ. ಹತ್ತು ಟನ್ ಇಳಿಸಿ, ಸುಖವಾಗಿ ಹೋಗಿ ಬನ್ನಿ.” ಇಳಿಸಿದರೆ ಹತ್ತು ಟನ್ ಹೋಯಿತು, ಅಷ್ಟೇ. ಇಳಿಸದೆ ಹಡಗು ಒಡೆಸಿಕೊಂಡರೆ ಅದರ ಬೆಲೆಯ 5% ಕಟ್ಟಿ ಹಡಗು ವಾಪಸ್ ಪಡೆಯಬಹುದು, ಆದರೆ ಸರಕು ಪೂರ್ತಿ ಹೋದಂತೆ. ಹಾಗಾಗಿ ಬೇಡಿಕೆ ಆ ನಷ್ಟಕ್ಕಿಂತ ಕಡಿಮೆ ಇದ್ದರೆ ಮಾತ್ರ ಅದಕ್ಕೆ ಅರ್ಥ. ಕೇಳದೆಯೇ ಗುಂಡು ಹಾರಿಸುವವನು ಸುಲಿಗೆಕೋರನೂ ಅಲ್ಲ, ಕಳ್ಳನೂ ಅಲ್ಲ, ಸುಮ್ನೆ ಕೊಲೆಗಾರ. ಕಟ್ಟುಪಾಡಿನ ಮೊದಲ ಸಾಲೇ ಇದು: ಕೇಳದೆ ಕೈ ಮಾಡಬಾರದು.

‘ಕೈ ಮಾಡು’ ಅನ್ನುವುದನ್ನು ಬೇಕಂತಲೇ ಬಳಸಿದ್ದೇನೆ. ‘ಯುದ್ಧನಿಯಮ’ ಅಂದರೆ ಎರಡು ಸೈನ್ಯ ನಿಂತ ಹಾಗಾಗುತ್ತೆ. ‘ಧರ್ಮಯುದ್ಧ’ ಅಂದರಂತೂ ಕಳ್ಳರೇ ನಕ್ಕಾರು. ಊರಲ್ಲಿ ಜಗಳ ಆದಾಗ ಪಂಚಾಯ್ತಿಯಲ್ಲಿ ಮೊದಲು ಕೇಳುವುದು “ಯಾರು ಮೊದಲು ಕೈ ಮಾಡಿದ್ದು?” ಅಂತಲೇ. ಈವ್‌ನಲ್ಲೂ ಲೆಕ್ಕ ಅದೇ. ಅಲ್ಲಿ ಒಂದೊಂದು ಪ್ರದೇಶಕ್ಕೂ ಭದ್ರತೆಯ ಅಂಕ ಇದೆ. ಅದು 0.5 ಅಥವಾ ಮೇಲಿರುವ ಕಡೆ ಅನ್ಯಾಯವಾಗಿ ಮೊದಲು ಕೈ ಮಾಡಿದವನನ್ನು ಆಟದ ಪೊಲೀಸರೇ ಬಂದು ಒಡೆದು ಹಾಕುತ್ತಾರೆ. ಹೊಡೆಸಿಕೊಂಡವನನ್ನು ಉಳಿಸಲು ಅವರು ಬರುವುದಿಲ್ಲ, ಹೊಡೆದವನನ್ನು ಶಿಕ್ಷಿಸಲು ಬರುತ್ತಾರೆ. 0.4ರಿಂದ ಕೆಳಗೆ ಅದೂ ಇಲ್ಲ. ‘ಕೈ ಮಾಡುವ ಕಟ್ಟಳೆ’ ಅಂತ ಇಟ್ಟರೆ ಹೇಗೆ?

ಇನ್ನು ಇಳಿಸಿಕೊಳ್ಳುವ ಹತ್ತು ಟನ್‌ಗೆ ಹೆಸರು. ‘ಒತ್ತೆಹಣ’ ಮನುಷ್ಯರನ್ನು ಹಿಡಿದಿಟ್ಟಾಗ ಸರಿ. ‘ಹಫ್ತಾ’ ವಾರ ವಾರ ಬರುವಂಥದ್ದು. ‘ಕಪ್ಪ’ ಕೊಡಲು ಸೋತ ರಾಜ ಬೇಕು. ‘ಪಾಲು’ ಅಂದರೆ ಅಣ್ಣತಮ್ಮಂದಿರ ಹಕ್ಕಿನ ಮಾತು. ನನ್ನ ಓಟು ‘ಸುಂಕ’ಕ್ಕೆ. ಹೊಯ್ಸಳರ ಶಾಸನಗಳಲ್ಲಿ ಸುಂಕವೂ ಇದೆ, ಹೆಜ್ಜುಂಕವೂ ಇದೆ, ನಮ್ಮ ಸೀಮೆಗೆ ಪದ ಹೊಸದಲ್ಲ. ಕಳ್ಳನೊಬ್ಬ ತನ್ನ ವಸೂಲಿಗೆ ಸುಂಕ ಅಂತ ಹೆಸರಿಡುವುದರಲ್ಲಿ ಪಾತ್ರಕ್ಕೆ ಬೇಕಾದ ಗತ್ತೂ ಇದೆ. ಒಂದೇ ತೊಡಕು ಗಾದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು ಅಂತಾರಲ್ಲ. ನಮ್ಮ ಆಟದಲ್ಲಿ ಸುಂಕದವನು ಕೇಳಿಸಿಕೊಳ್ಳಲೇಬೇಕು. “ಮಗಳ ಮದುವೆಗೆ ಇಟ್ಟ ಚಿನ್ನ” ಅಂತ ಸರಕಿನವನು ಗೋಳಾಡುವುದು, ಇವನು ಎಂಟು ಟನ್‌ಗೆ ಇಳಿಯುವುದು, ಆ ಚೌಕಾಸಿಯೇ ಆಟದ ರುಚಿ.

ಸುಂಕ ಕೊಟ್ಟವನಿಗೆ ಆ ರಾತ್ರಿ ಪೂರ್ತಿ ಯಾರೂ ಅಡ್ಡ ಬರಬಾರದು. ಇದಕ್ಕೆ ‘ರಹದಾರಿ’ ಅಂತ ಇಟ್ಟಿದ್ದೇವೆ, ಬಸ್ಸು ಲಾರಿಯವರ ಬಾಯಲ್ಲಿ ಈಗಲೂ ಇರುವ ಪದ. ಸುಂಕ ತೆಗೆದುಕೊಂಡ ಮೇಲೂ ಹೊಡೆಯುವುದಕ್ಕೆ ಹೊಸ ಪದ ಹುಡುಕಲೇ ಇಲ್ಲ. ‘ನಂಬಿಸಿ ಕತ್ತು ಕುಯ್ಯೋದು’ ಅಂತ ಹಾಗೇ ಬರೆದೆವು. ಈವ್‌ನಲ್ಲಿ ಇಂಥ ಮಾತಿಗೆ ತಪ್ಪಿದರೆ ಕಂಪನಿ ತಲೆ ಹಾಕುವುದಿಲ್ಲ, ಮೋಸವೂ ಅಲ್ಲಿ ಆಟದ ಭಾಗ. ಹಾಗಾಗಿ ಈ ಸಾಲನ್ನು ಆಡುವವರೇ ಕಾಯಬೇಕು. ನಮ್ಮಲ್ಲಿ ಇದಕ್ಕೆ ಗುಂಪಿನಿಂದ ಹೊರಗೆ ಹಾಕುವ ಶಿಕ್ಷೆ.

ಹೊಸಬರ ವಿಷಯದಲ್ಲಿ ಚರ್ಚೆಯೇ ಆಗಲಿಲ್ಲ. ಮೊದಲ ಹಡಗಿನಲ್ಲಿ ಪುಡಿಗಾಸು ದುಡಿಯುತ್ತಿರುವವನ ಹೊಟ್ಟೆ ಮೇಲೆ ಹೊಡೆಯಬಾರದು, ಮುಗಿಯಿತು.

ಕೊನೆಯದು, ಸಿಕ್ಕಿಬಿದ್ದವನು ಸಹಾಯಕ್ಕೆ ಕರೆಯುವ ಸಂದೇಶ. ‘ಆಪತ್ಕರೆ’ ಅಂತ ಒಬ್ಬರು ಬರೆದರು, ನನಗೆ ಕಚೇರಿ ಸುತ್ತೋಲೆಯ ವಾಸನೆ ಬಂತು. ವೀರಗಲ್ಲಿನ ಶಾಸನಗಳಲ್ಲಿ ತುರುಗೋಳಿನ (ದನ ಹೊಡೆದುಕೊಂಡು ಹೋಗುವ ದಾಳಿ) ಜೊತೆ ‘ಪೆಣ್ಬುಯ್ಯಲ್’ ಬರುತ್ತದೆ, ದಾಳಿಯಲ್ಲಿ ಸಿಕ್ಕಿದ ಹೆಂಗಸರ ಮೊರೆ. ಆ ಪುಯ್ಯಲೇ ಇವತ್ತಿನ ಹುಯಿಲು. ಆದರೆ ಈಗ ‘ಹುಯಿಲೆಬ್ಬಿಸಿದ’ ಅಂದರೆ ಸುಮ್ಮಸುಮ್ಮನೆ ಗಲಾಟೆ ಮಾಡಿದ ಅನ್ನುವ ಛಾಯೆಯೇ ಮುಂದೆ ಬರುತ್ತೆ. ಬೇಲೂರು, ಆಲೂರು, ಕಡೂರು ಕಡೆಯ ಹಿರಿಯರ ಮಾತಿನಲ್ಲಿ ‘ಹುಯಿಲಿಟ್ಟರು’ ಅಂತ ನಿಜವಾದ ಮೊರೆಯ ಅರ್ಥದಲ್ಲಿ ಕೇಳಿದವರಿದ್ದೀರಾ? ಇದ್ದರೆ ಯಾವ ಸಂದರ್ಭದಲ್ಲಿ ಅಂದರು ಅನ್ನುವುದನ್ನೂ ಬರೆಯಿರಿ. ಕಟ್ಟಳೆಯ ಕರಡಿನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.