ರೇಷ್ಮೆಯ ಮೇಲೆ ತಾವರೆ: ದಳದ ನಡುವೆ ಗೆರೆ ಏಳುತ್ತಿದೆ

ಸೆರಗಿನಂಚು:
ತಂಗಿಯ ನಿಶ್ಚಿತಾರ್ಥಕ್ಕೆಂದು ಬಿಳಿ ರೇಷ್ಮೆ ಸೀರೆಯ ಸೆರಗಿನಲ್ಲಿ ತಾವರೆ ಬಿಡಿಸುತ್ತಿದ್ದೇನೆ. ದಳದ ತುದಿಯ ಗುಲಾಬಿ ಬುಡಕ್ಕೆ ಬರುತ್ತಾ ತಿಳಿಯಾಗಬೇಕು. ಆದರೆ ಬಣ್ಣ ಮುಗಿಯುವಲ್ಲಿ ಗೆರೆ ಎಳೆದಂತೆ ನಿಂತುಬಿಡುತ್ತದೆ. ಬಿಳಿ ಬೆರೆಸಿದರೆ ಸುಣ್ಣ ಬಳಿದ ಹಾಗೆ. ಏನು ಮಾಡಲಿ?

ಕುಂಚಪ್ರಿಯ:
ನೀರು ಹೆಚ್ಚು ಹಾಕಿ, ತಾನಾಗಿ ಹರಡುತ್ತದೆ. ಹೇರ್ ಡ್ರೈಯರ್ ಹಿಡಿದರೆ ಬೇಗ ಒಣಗುತ್ತದೆ.

ರಂಗಿನತ್ತೆ:
ಡ್ರೈಯರ್ ಮಾತ್ರ ಬೇಡ ಮಾರಾಯರೇ! ಗೆರೆ ಹುಟ್ಟುವುದೇ ಅಂಚು ಮೊದಲು ಒಣಗುವುದರಿಂದ. ಫ್ಯಾನ್ ಕೂಡ ಆರಿಸಿಯೇ ನಾನು ಕೂರುವುದು, ಸೆಖೆಯಾದರೆ ಆಗಲಿ.

ಸೆರಗಿನಂಚು, ನಿಮ್ಮದು ಯಾವ ಬಣ್ಣ? ನೂಲಿನೊಳಗೆ ಇಳಿಯುವ ರೇಷ್ಮೆ ಡೈಯೋ, ಮೇಲೆ ಕೂರುವ ಫ್ಯಾಬ್ರಿಕ್ ಬಣ್ಣವೋ? ಎರಡರ ದಾರಿಯೇ ಬೇರೆ. ಡೈ ಆದರೆ ಬಿಳಿ ಎಂಬ ಬಣ್ಣವೇ ಇಲ್ಲ, ಬಟ್ಟೆಯೇ ಬಿಳಿ. ಬಟ್ಟೆ ಮೇಜಿಗೆ ತಾಗದಂತೆ ಚೌಕಟ್ಟಿಗೆ ಬಿಗಿಯಿರಿ. ಹೊರಗೆರೆಯ ಗುಟ್ಟಾ, ಅಂದರೆ ಬಣ್ಣ ಹರಡದಂತೆ ತಡೆಯುವ ಅಂಟುಗೆರೆ, ಎಲ್ಲೂ ತುಂಡಾಗಿರಬಾರದು. ಸೂಜಿಮೊನೆಯಷ್ಟು ಸಂದಿದ್ದರೂ ಬಣ್ಣ ಪಕ್ಕದ ದಳಕ್ಕೆ ನುಗ್ಗುತ್ತದೆ. ಒಂದೊಂದೇ ದಳ ಹಿಡಿಯಿರಿ. ಮೊದಲು ಬುಡದಿಂದ ನಡುವಿನವರೆಗೆ ಶುದ್ಧ ನೀರು, ಕೂಡಲೇ ತುದಿಗೆ ಗುಲಾಬಿ, ಮತ್ತೆ ಹಿಂಡಿದ ಒದ್ದೆ ಕುಂಚದಿಂದ ಗುಲಾಬಿಯನ್ನು ಬುಡದತ್ತ ಎಳೆಯಿರಿ. ಎಲ್ಲ ದಳಗಳ ತುದಿಯನ್ನೂ ಒಮ್ಮೆಲೇ ಮುಗಿಸಿಬಿಡುವ ಆಸೆ ಬೇಡ. ಎಲೆಯ ಹಸಿರು ಗುಲಾಬಿ ಪೂರ್ತಿ ಒಣಗಿದ ಮೇಲೆ. ಹಸಿಯಾಗಿ ಸೇರಿದರೆ ಕೆಸರು ಬಣ್ಣ. ಡೈಯನ್ನು ಹೇಗೆ ಗಟ್ಟಿಮಾಡಬೇಕೆಂದು ಬಾಟಲಿಯಲ್ಲೇ ಬರೆದಿರುತ್ತದೆ. ಹಬೆ ಕೊಡಬೇಕಾದ ಡೈಗೆ ಹಬೆ ಕೊಡದಿದ್ದರೆ ಮೊದಲ ಒಗೆತಕ್ಕೇ ಹೋಗುತ್ತದೆ.

ಸೆರಗಿನಂಚು:
ಫ್ಯಾಬ್ರಿಕ್ ಬಣ್ಣ ಅತ್ತೆ, ಪುಟ್ಟ ಬಾಟಲಿಗಳದ್ದು. ತೆಳುವಾಗಲೆಂದು ನೀರು ಹಾಕಿದ್ದೆ.

ರಂಗಿನತ್ತೆ:
ಹಾಗಾದರೆ ಆ ನೀರೇ ಕಳ್ಳ. ಈ ಬಣ್ಣದಲ್ಲಿ ನೂಲಿಗೆ ಅಂಟಿಕೊಳ್ಳಲು ಅಂಟು ಇರುತ್ತದೆ; ನೀರು ಹೆಚ್ಚಾದರೆ ಅಂಟಿನ ಹಿಡಿತ ಸಡಿಲವಾಗುತ್ತದೆ, ನೀರು ರೇಷ್ಮೆಯಲ್ಲಿ ಹರಿದು ಸುತ್ತ ಕಲೆ ಕಟ್ಟುತ್ತದೆ. ನೀರಿನ ಬದಲು ಅಂಗಡಿಯಲ್ಲಿ ಮೀಡಿಯಮ್, ಅಂದರೆ ಈ ಬಣ್ಣವನ್ನು ತೆಳುಮಾಡುವ ದ್ರವ, ಕೇಳಿ ತನ್ನಿ. ಚಪ್ಪಟೆ ಕುಂಚದ ಒಂದು ಮೂಲೆಗೆ ಗುಲಾಬಿ, ಇನ್ನೊಂದಕ್ಕೆ ಬರಿಯ ಮೀಡಿಯಮ್. ತಟ್ಟೆಯಲ್ಲಿ ಹಿಂದೆಮುಂದೆ ಎಳೆದು ನಡುವೆ ಎರಡೂ ಬೆರೆತ ಮೇಲೆ, ಗುಲಾಬಿಯ ಮೂಲೆ ದಳದ ತುದಿಯಂಚಿನ ಮೇಲೆ ಬರುವಂತೆ ಹಿಡಿದು ಅಂಚಿನುದ್ದಕ್ಕೂ ಎಳೆಯಿರಿ. ಬಿಳಿಯನ್ನು ಕೊನೆಯ ಮಿಂಚಿಗಷ್ಟೇ ಇಡಿ. ದಪ್ಪ ಬಳಿದರೆ ಸೆರಗು ರಟ್ಟಿನಂತೆ ನಿಲ್ಲುತ್ತದೆ. ಅಂಥ ಸೀರೆ ಉಡುವವರ ಮುಖ ನೋಡಬೇಕು! ಮೊದಲು ರವಿಕೆ ಬಟ್ಟೆಯ ಮೂಲೆಯಲ್ಲಿ ಪರೀಕ್ಷಿಸಿ. ಮೈಸೂರು ಕ್ರೇಪ್ ಆದರಂತೂ ಬಿಡಲೇಬೇಡಿ, ಹುರಿ ಹೆಚ್ಚಿರುವ ನೂಲಿನ ಮೇಲೆ ಕುಂಚ ಬೇರೆಯೇ ನಡೆಯುತ್ತದೆ. ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ.

ಸೆರಗಿನಂಚು:
ಈಗಾಗಲೇ ಗೆರೆ ಬಿದ್ದಿರುವ ದಳಗಳು?

ರಂಗಿನತ್ತೆ:
ಉದ್ದುದ್ದ ಬಿದ್ದಿದ್ದರೆ ಭಾಗ್ಯ. ತಾವರೆ ದಳದಲ್ಲಿ ನರಗಳು ಹಾಗೆಯೇ ಇರುತ್ತವೆ, ಗಾಢ ಗುಲಾಬಿಯಲ್ಲಿ ಇನ್ನೂ ನಾಲ್ಕು ಎಳೆಯಿರಿ. ಅಡ್ಡ ಬಿದ್ದಿದ್ದರೆ ದಳದ ತುದಿ ಅಲ್ಲಿಂದ ಒಳಕ್ಕೆ ಮಡಿಚಿದೆಯೆಂದು ಮಾಡಿ, ಮಡಿಕೆಯ ಕೆಳಗೆ ತುಸು ನೇರಳೆ ನೆರಳು ಕೊಡಿ. ಎಲ್ಲ ದಳಕ್ಕೂ ಮಾಡಬೇಡಿ, ಹೂವು ಬಾಡಿದಂತೆ ಕಾಣುತ್ತದೆ.