ಮನೆ ಕಟ್ಟುವ ಕಂಪನಿ ಯಾರಿಗೆ, ಯಾವಾಗ, ಏನು ಹೇಳಬೇಕು? ಅನುಭವ ಇದ್ದವರು ತಿಳಿಸಿ

ಪ್ರಶ್ನೆ

ನಮ್ಮದು ಮನೆ ಕಟ್ಟಿ ಮಾರುವ ಕಂಪನಿ. ಮುಂದಿನ ಯೋಜನೆ 120 ಮನೆಗಳದ್ದು, ಮೂರು ಹಂತದಲ್ಲಿ. ನಾಲ್ಕು ತಿಂಗಳಲ್ಲಿ ಅಗೆತ ಶುರುವಾಗುತ್ತೆ. ಸ್ಟೇಕ್‌ಹೋಲ್ಡರ್‌ಗಳ ಜೊತೆ ಹೇಗೆ ವ್ಯವಹರಿಸಬೇಕು ಅಂತ ಒಂದು ಪ್ಲಾನ್ ಮಾಡಿಕೊಡಲು ನನಗೆ ವಹಿಸಿದ್ದಾರೆ. ಸಿಕ್ಕ ಮಾದರಿಗಳಲ್ಲೆಲ್ಲ "ನಿಯಮಿತವಾಗಿ ಸಂಪರ್ಕದಲ್ಲಿರುವುದು" ಅಂತಷ್ಟೇ ಇದೆ. ಯಾರ ಹತ್ತಿರ, ಯಾವಾಗ, ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕು ಅನ್ನೋದು ಎಲ್ಲೂ ಇಲ್ಲ. ಈ ಕೆಲಸಕ್ಕೆ ಇರೋದು ನಾವಿಬ್ಬರೇ.

ಯೋಜನಾ ಸಂಯೋಜಕರು

ಮೊದಲು ಪದ ಸರಿಮಾಡಿಕೊಳ್ಳಿ. ಸ್ಟೇಕ್‌ಹೋಲ್ಡರ್ ಅನ್ನೋದಕ್ಕೆ "ಪಾಲುದಾರರು" ಅಂತ ಬರೆದರೆ ಬಂಡವಾಳ ಹಾಕಿದವರು ಅಂತ ಓದಿಕೊಳ್ಳುತ್ತಾರೆ. "ಸಂಬಂಧಪಟ್ಟವರು" ಅಂತ ಬರೆಯಿರಿ, ಪಕ್ಕದ ಮನೆಯವರೂ ಅದರಲ್ಲಿ ಬರುತ್ತಾರೆ.

ಮಾದರಿಗಳಲ್ಲಿ ಒಂದು ಚೌಕ ಇರುತ್ತೆ: ಒಂದು ಕಡೆ ಅಧಿಕಾರ, ಇನ್ನೊಂದು ಕಡೆ ಆಸಕ್ತಿ. ಅಧಿಕಾರ ಕಡಿಮೆ ಇರುವವರಿಗೆ "ಮಾಹಿತಿ ಕೊಟ್ಟರೆ ಸಾಕು" ಅಂತ ಅದು ಹೇಳುತ್ತೆ. ಮನೆ ಕಟ್ಟುವ ಕೆಲಸದಲ್ಲಿ ಎಡವೋದು ಅಲ್ಲೇ. ಕಾಂಪೌಂಡಿಗೆ ಅಂಟಿಕೊಂಡ ಮನೆಯವರಿಗೆ ಕಾಗದದ ಮೇಲೆ ಯಾವ ಅಧಿಕಾರವೂ ಇಲ್ಲ, ಆದರೆ ಅವರ ಗೋಡೆ ಬಿರುಕು ಬಿಟ್ಟ ದಿನ ಕೆಲಸ ನಿಲ್ಲುತ್ತೆ. ಹಾಗಾಗಿ ಆ ಚೌಕದ ಪಕ್ಕ ಇನ್ನೊಂದು ಕಲಂ ಸೇರಿಸಿ: ಕೆಲಸದ ಯಾವ ಹಂತ ಇವರನ್ನು ತಟ್ಟುತ್ತೆ? ಅಗೆತ, ಕಟ್ಟಡದ ಚೌಕಟ್ಟು, ಪ್ಲಾಸ್ಟರ್ ಮತ್ತು ಫಿನಿಶಿಂಗ್, ಹಸ್ತಾಂತರ, ಹಸ್ತಾಂತರದ ನಂತರದ ಒಂದು ವರ್ಷ. ಹಂತ ಬದಲಾದಾಗಲೆಲ್ಲ ಪಟ್ಟಿಯನ್ನು ಹೊಸದಾಗಿ ಬರೆಯಬೇಕು. ನಿಮ್ಮದು ಮೂರು ಹಂತದ ಯೋಜನೆ ಆದ್ದರಿಂದ ಒಂದು ತಮಾಷೆಯೂ ಇದೆ: ಮೊದಲ ಹಂತದ ಗ್ರಾಹಕರು ಮನೆಗೆ ಬಂದ ದಿನವೇ ಎರಡನೇ ಹಂತದ ನೆರೆಯವರಾಗುತ್ತಾರೆ. ಧೂಳು, ಸದ್ದಿನ ದೂರು ಹೆಚ್ಚಾಗಿ ಬರೋದು ನಿಮಗೇ ದುಡ್ಡು ಕೊಟ್ಟವರಿಂದ. ಮುಂದಿನ ಹಂತಗಳ ಕೆಲಸ ಎಷ್ಟು ದಿನ, ಯಾವ ದಾರಿಯಲ್ಲಿ ನಡೆಯುತ್ತೆ ಅನ್ನೋದನ್ನು ಮಾರಾಟದ ಹೊತ್ತಿಗೇ ಬರೆದು ಕೊಡಿ.

ಪಟ್ಟಿಗಿಂತ ಮುಖ್ಯ ಇನ್ನೊಂದಿದೆ, ಮಾತಿನ ಪುಸ್ತಕ. ಸ್ಪ್ರೆಡ್‌ಶೀಟ್ ಸಾಕು, ದುಬಾರಿ ಸಾಫ್ಟ್‌ವೇರ್ ಬೇಡ. ಯಾರಿಗೆ, ಏನು ಒಪ್ಪಿಕೊಂಡೆವು, ಒಪ್ಪಿಕೊಂಡವರು ಯಾರು, ಮಾಡಬೇಕಾದವರು ಯಾರು, ಯಾವ ತಾರೀಖಿನೊಳಗೆ, ಮುಗಿದದ್ದು ಯಾವಾಗ. ಈ ವ್ಯವಹಾರದಲ್ಲಿ ಕೆಡೋದೆಲ್ಲ ಹೆಚ್ಚಾಗಿ ಒಂದೇ ಜಾಗದಲ್ಲಿ: ಮಾತು ಕೊಟ್ಟವರು ಮಾರಾಟದವರು, ಕೆಲಸ ಮಾಡಬೇಕಾದವರು ಸೈಟಿನವರು, ಇವರ ಮಾತು ಅವರ ಕಿವಿಗೆ ಬಿದ್ದೇ ಇರಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಎರಡೂ ಕಡೆಯವರನ್ನು ಕೂರಿಸಿ, ತಾರೀಖು ಮೀರಿದ ಸಾಲುಗಳನ್ನಷ್ಟೇ ಓದಿ.

ಸೈಟ್ ಇಂಜಿನಿಯರ್

ನಾನು ನೆರೆಯವರ ವಿಷಯ ಮಾತ್ರ ಹೇಳ್ತೀನಿ.

ಅಗೆತಕ್ಕೆ ಮುಂಚೆ ಅಕ್ಕಪಕ್ಕದ ಕಟ್ಟಡಗಳ ಸ್ಥಿತಿ ದಾಖಲೆ ಮಾಡಿಸಿ. ಎಷ್ಟು ದೂರದವರೆಗೆ ಅಂದರೆ, ಕನಿಷ್ಠ ಗುಂಡಿಯ ಆಳದ ಎರಡರಷ್ಟು. ಪೈಲಿಂಗ್ (ಅಡಿಪಾಯಕ್ಕೆ ನೆಲದಾಳಕ್ಕೆ ಕಂಬ ಇಳಿಸುವುದು) ಇದ್ದರೆ ಇನ್ನೂ ದೂರ, ಅದನ್ನು ಮಣ್ಣು, ಅಡಿಪಾಯ ನೋಡುವ ಜಿಯೋಟೆಕ್ನಿಕಲ್ ಇಂಜಿನಿಯರ್ ಹೇಳಲಿ. ಪ್ರತಿ ಕೋಣೆಯ ನಾಲ್ಕು ಗೋಡೆ, ಸೀಲಿಂಗ್, ನೆಲ, ಹೊರಗೋಡೆಯ ಫೋಟೋ ಬೇಕು. ಬಿರುಕಿದ್ದಲ್ಲಿ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟೇ ತೆಗೆಯಿರಿ. ಅಳತೆ ಇಲ್ಲದ ಬಿರುಕಿನ ಫೋಟೋ ಮುಂದೆ ಯಾರಿಗೂ ಪ್ರಯೋಜನವಿಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ, ಪಕ್ಕ ತಾರೀಖು. ದೊಡ್ಡ ಬಿರುಕಿಗೆ ಅದು ಅಗಲವಾಗುವುದನ್ನು ಅಳೆಯುವ ಕ್ರ್ಯಾಕ್ ಗೇಜ್ ಅಂಟಿಸಿ ವಾರಕ್ಕೊಮ್ಮೆ ಓದಿ. ವರದಿಗೆ ಮನೆಯವರ ಸಹಿ ಹಾಕಿಸಿ, ಒಂದು ಪ್ರತಿ ಅವರಿಗೇ ಕೊಡಿ. ಪ್ರತಿ ಕೊಡದೆ ಬಂದರೆ ನಾವು ನಮ್ಮ ರಕ್ಷಣೆಗೆ ಮಾತ್ರ ಫೋಟೋ ತೆಗೆದುಕೊಂಡು ಹೋದೆವು ಅಂತ ಅನ್ನಿಸುತ್ತೆ, ಅನ್ನಿಸೋದು ತಪ್ಪೂ ಅಲ್ಲ.

ಕಂಪನದ ಬಗ್ಗೆ ಜನ ಹೆದರುತ್ತಾರೆ, ಯಾಕೆಂದರೆ ಮನೆಗೆ ಹಾನಿಯಾಗುವ ಮಟ್ಟಕ್ಕಿಂತ ಎಷ್ಟೋ ಕೆಳಗೇ ಅದು ಮೈಗೆ ಗೊತ್ತಾಗುತ್ತೆ. ಮನೆಯೊಳಗೆ ಸೆಕೆಂಡಿಗೆ 0.3 ಮಿ.ಮೀ. ವೇಗದ ಕಂಪನವೇ ಅನುಭವಕ್ಕೆ ಬರಬಹುದು. ಜರ್ಮನಿಯ ಡಿಐಎನ್ 4150 ಮಾನದಂಡದ ಮೂರನೇ ಭಾಗ ವಾಸದ ಮನೆಯ ಅಡಿಪಾಯಕ್ಕೆ, 10 ಹರ್ಟ್ಸ್ ಒಳಗಿನ ಆವರ್ತನದಲ್ಲಿ, ಸೆಕೆಂಡಿಗೆ 5 ಮಿ.ಮೀ. ಮಿತಿ ಇಟ್ಟಿದೆ. ಬ್ರಿಟನ್ನಿನ ಬಿಎಸ್ 5228 ಎರಡನೇ ಭಾಗದಲ್ಲಿ ಇನ್ನೂ ಸ್ವಾರಸ್ಯದ ಮಾತಿದೆ: ಸೆಕೆಂಡಿಗೆ 1 ಮಿ.ಮೀ. ಮಟ್ಟಕ್ಕೆ ದೂರು ಬರುವ ಸಾಧ್ಯತೆ ಹೆಚ್ಚು, ಆದರೆ ಮುಂಚೆಯೇ ಎಚ್ಚರಿಸಿ ವಿವರಿಸಿದ್ದರೆ ಜನ ಸಹಿಸಿಕೊಳ್ಳಬಲ್ಲರು. ಮುಂಚಿತವಾಗಿ ಹೇಳೋದರ ಬೆಲೆಯನ್ನು ಇಂಜಿನಿಯರಿಂಗ್ ಮಾನದಂಡವೇ ಲೆಕ್ಕಕ್ಕೆ ತಗೊಂಡಿದೆ. ಮ್ಯಾನೇಜ್‌ಮೆಂಟಿಗೆ ತೋರಿಸಲು ಇದೊಂದು ಸಾಲು ಸಾಕು.

ಸ್ಲ್ಯಾಬ್ ಹಾಕುವ ದಿನಕ್ಕೆ ಬೇರೆಯದೇ ಸೂಚನೆ ಬೇಕು. ಕಾಂಕ್ರೀಟ್ ಮಧ್ಯದಲ್ಲಿ ನಿಲ್ಲಿಸಿದರೆ ಹಳೆಯ ಪದರಕ್ಕೆ ಹೊಸದು ಬೆಸೆಯದೆ ಕೋಲ್ಡ್ ಜಾಯಿಂಟ್ ಆಗುತ್ತೆ, ಆದ್ದರಿಂದ ಶುರು ಮಾಡಿದ್ದನ್ನು ಮುಗಿಸಲೇಬೇಕು. ಈ ಕಾರಣವನ್ನು ಚೀಟಿಯಲ್ಲಿ ಬರೆಯಿರಿ. "ಅನಿವಾರ್ಯ ಕಾರಣಗಳಿಂದ" ಅಂತ ಬರೆಯಬೇಡಿ. ಲೆಕ್ಕವನ್ನೂ ಹಾಕಿ: 60 ಘನ ಮೀಟರ್ ಸ್ಲ್ಯಾಬ್ ಅಂದರೆ 6 ಘನ ಮೀಟರಿನ ಹತ್ತು ಮಿಕ್ಸರ್ ಲಾರಿ. ಮೊದಲನೆಯದು ಎಷ್ಟು ಗಂಟೆಗೆ, ಕೊನೆಯದು ಎಷ್ಟಕ್ಕೆ, ಆಮೇಲೆ ಮೇಲ್ಮೈ ಉಜ್ಜುವ ಯಂತ್ರ ಎಷ್ಟು ಹೊತ್ತು ಓಡುತ್ತೆ. ಮೂರು ದಿನ ಮುಂಚೆ ಚೀಟಿ, ಹಿಂದಿನ ಸಂಜೆ ಮೆಸೇಜ್. ಮಳೆ ಬಂದು ಮುಂದೆ ಹೋದರೆ ಅದನ್ನೂ ತಿಳಿಸಿ. ಬೇಗ ಎದ್ದು ಕಾರು ತೆಗೆದು ಬೇರೆ ಕಡೆ ನಿಲ್ಲಿಸಿದವರಿಗೆ ಕೆಲಸ ಇಲ್ಲ ಅಂತ ಗೊತ್ತಾದರೆ ಮುಂದಿನ ಚೀಟಿಯನ್ನು ಓದೋದೇ ಇಲ್ಲ.

ಜನರೇಟರನ್ನು ಎಲ್ಲಿಡಬೇಕು ಅನ್ನೋದು ನಕ್ಷೆಯಲ್ಲೇ ತೀರ್ಮಾನವಾಗಲಿ. ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತೆ, ಅದಕ್ಕೆ ಖರ್ಚಿಲ್ಲ. ಲಾರಿ ಚಕ್ರ ತೊಳೆಯುವ ಜಾಗ ಗೇಟಿನ ಒಳಗೆ, ಕನಿಷ್ಠ ಒಂದು ಲಾರಿಯ ಉದ್ದದಷ್ಟು ಹಿಂದೆ ಇರಲಿ. ಇಲ್ಲದಿದ್ದರೆ ಸೋರುವ ಕೆಸರುನೀರೆಲ್ಲ ರಸ್ತೆಗೇ.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗ ಆಯ್ತು ಸರ್. ಒಂದು ಸಾರ್ವಜನಿಕ ಸಭೆ ಮಾಡಿಬಿಡಿ, ಮುಗೀತು ಅಂತ ಮೇಲಿನವರು ಹೇಳ್ತಿದ್ದಾರೆ. ಸಾಕಾಗುತ್ತಾ?

ನಗರ ಯೋಜನೆಯಲ್ಲಿರುವವರು

ಸಾಲದು. ದೊಡ್ಡ ಸಭಾಂಗಣದ ಸಭೆಯಲ್ಲಿ ಗಂಟಲು ದೊಡ್ಡದಿರುವ ಐದಾರು ಜನರ ಮಾತಷ್ಟೇ ಕೇಳಿಸುತ್ತೆ. ರಸ್ತೆಗೊಂದರಂತೆ 10-12 ಜನರ ಗುಂಪು ಮಾಡಿ, ಒಂದು ಸಂಜೆ, ಒಂದು ರಜಾದಿನ ಇಟ್ಟುಕೊಳ್ಳಿ.

ಅಮೆರಿಕದ ಶೆರ್ರಿ ಅರ್ನ್‌ಸ್ಟೈನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ವಿವರಿಸಿದರು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು ಎರಡೂ ಅದರಲ್ಲಿ ಮೂರನೇ ಮತ್ತು ನಾಲ್ಕನೇ ಮೆಟ್ಟಿಲು. ಅಷ್ಟಕ್ಕೇ ನಿಂತರೆ ಅದು ತೋರಿಕೆ ಅಂತ ಅವರು ಹೇಳಿದ್ದು. ಖಾಸಗಿ ಕಂಪನಿ ಎಂಟನೇ ಮೆಟ್ಟಿಲು (ಹಿಡಿತ ಜನರ ಕೈಗೇ ಬಿಡುವುದು) ಹತ್ತಬೇಕು ಅಂತ ನಾನು ಹೇಳಲ್ಲ. ಮೂರನೇ ಮೆಟ್ಟಿಲಲ್ಲಿ ನಿಂತುಕೊಂಡು ಆರನೆಯದರಲ್ಲಿ, ಅಂದರೆ ಜನರ ಜೊತೆ ಸಹಭಾಗಿತ್ವದಲ್ಲಿ, ಇದ್ದೇವೆ ಅಂತ ಹೇಳಬೇಡಿ, ಅಷ್ಟೇ. ಸಭೆಗೆ ಮುಂಚೆ ಮೂರು ಪಟ್ಟಿ ಬರೆದುಕೊಳ್ಳಿ: ಬದಲಾಗದೇ ಇರುವುದು (ಮನೆಗಳ ಸಂಖ್ಯೆ ಇರಬಹುದು), ಬದಲಾಯಿಸಬಹುದಾದದ್ದು (ಲಾರಿಯ ದಾರಿ, ಗೇಟಿನ ಜಾಗ, ಕಿಟಕಿಗಳ ದಿಕ್ಕು, ಗಿಡಗಳು, ಕೆಲಸದ ವೇಳೆ), ಇನ್ನೂ ತೀರ್ಮಾನವಾಗದ್ದು. ಸಭೆಯಲ್ಲಿ ಮೊದಲ ಪಟ್ಟಿಯನ್ನೇ ಮೊದಲು ಓದಿ. ಕೇಳಲು ಕಹಿ, ಆದರೆ ಎರಡು ಗಂಟೆ ವಾದ ಮಾಡಿದ ಮೇಲೆ "ಅದು ಆಗಲ್ಲ" ಅನ್ನಿಸಿಕೊಳ್ಳೋದು ಅದಕ್ಕಿಂತ ಕಹಿ.

ಬಣ್ಣದ ಚಿತ್ರ ಒಯ್ಯಬೇಡಿ, ಅದರಲ್ಲಿ ಆಕಾಶ ಯಾವಾಗಲೂ ನೀಲಿ, ಮರಗಳಿಗೆ ಇಪ್ಪತ್ತು ವರ್ಷ ವಯಸ್ಸು. 1:200 ಅಳತೆಯ ಮಾದರಿ, ಅದರಲ್ಲಿ ಅಕ್ಕಪಕ್ಕದ ಮನೆಗಳೂ ಇರಬೇಕು. ನೆರಳಿನ ನಕ್ಷೆ ಬೇಕು: ಮಾರ್ಚ್ 21 ಮತ್ತು ನೆರಳು ಅತಿ ಉದ್ದ ಬೀಳುವ ದಿನ, ಬೆಳಿಗ್ಗೆ 9, ಮಧ್ಯಾಹ್ನ 12, 3 ಗಂಟೆಗೆ. ಜನ ಮೊದಲು ಹುಡುಕೋದು ತಮ್ಮ ಅಂಗಳವನ್ನೇ.

ಸಭೆ ಆದ ಎರಡು ವಾರದೊಳಗೆ ಒಂದು ಹಾಳೆ ಹಂಚಿ: ನೀವು ಹೇಳಿದ್ದು, ನಾವು ಮಾಡಿದ್ದು, ಮಾಡದಿದ್ದರೆ ಯಾಕೆ. ಮೂರನೇ ಕಲಂ ಖಾಲಿ ಬಿಟ್ಟರೆ ಹಾಳೆ ಹಂಚದೇ ಇರೋದೇ ವಾಸಿ. ಇದೆಲ್ಲ ನಡೆಯಬೇಕಾದದ್ದು ನಕ್ಷೆ ಅಂತಿಮವಾಗುವ ಮುಂಚೆ. ನಾಲ್ಕು ತಿಂಗಳಲ್ಲಿ ಅಗೆತ ಅಂದರೆ ನಿಮ್ಮ ಎರಡನೇ ಪಟ್ಟಿ ಆಗಲೇ ಚಿಕ್ಕದಾಗಿರುತ್ತೆ. ಇದ್ದಷ್ಟನ್ನೇ ಪ್ರಾಮಾಣಿಕವಾಗಿ ಮುಂದಿಡಿ.

ಗ್ರಾಹಕ ಸೇವೆಯವರು

ಮನೆ ಕೊಂಡವರಿಗೆ ತಿಂಗಳಿಗೊಂದು ಪ್ರಗತಿ ವರದಿ, ಒಂದೇ ತಾರೀಖಿಗೆ. ಹೇಳೋದೇನೂ ಇಲ್ಲದಿದ್ದರೂ ಕಳಿಸಿ. ಫೋಟೋ ಪ್ರತಿ ತಿಂಗಳೂ ಅದೇ ಜಾಗದಿಂದ ತೆಗೆದದ್ದಾಗಿರಲಿ, ಆಗ ಕೆಲಸ ಎಷ್ಟು ಏರಿದೆ ಅಂತ ಕಣ್ಣಿಗೆ ಕಾಣುತ್ತೆ. ತಡವಾದರೆ ಕಾರಣ, ಹೊಸ ತಾರೀಖು, ಆ ತಾರೀಖು ಯಾವುದರ ಮೇಲೆ ನಿಂತಿದೆ, ಮೂರನ್ನೂ ಬರೆಯಿರಿ. ಒಂದು ಸಲ ಎರಡು ತಿಂಗಳು ಮುಂದೂಡಿದರೆ ಜನ ತಡೆದುಕೊಳ್ಳುತ್ತಾರೆ. ನಾಲ್ಕು ಸಲ ಎರಡೆರಡು ವಾರ ಮುಂದೂಡಿದರೆ ಆಮೇಲೆ ನಿಮ್ಮ ಯಾವ ತಾರೀಖನ್ನೂ ನಂಬಲ್ಲ.

ಬದಲಾವಣೆ ಕೇಳುವವರಿಗೆ ಕೊನೇ ದಿನಾಂಕಗಳ ಪಟ್ಟಿಯನ್ನು ಒಪ್ಪಂದದ ಜೊತೆಗೇ ಕೊಡಿ. ಸೀಲಿಂಗ್ ಲೈಟ್ ಪಾಯಿಂಟಿನ ಪೈಪು ಸ್ಲ್ಯಾಬಿನೊಳಗೆ ಹೋಗುತ್ತೆ, ಕಂಬಿ ಕಟ್ಟುವ ಮುಂಚೆಯೇ ಹೇಳಬೇಕು. ಸ್ವಿಚ್ಚು, ನಲ್ಲಿಗಳ ಜಾಗ ಗೋಡೆಯ ಪ್ಲಾಸ್ಟರಿಗೆ ಮುಂಚೆ. ಟೈಲ್ಸ್, ಆರ್ಡರ್ ಹಾಕುವ ಮುಂಚೆ. ಕಾರಣ ಗೊತ್ತಾದರೆ "ಒಂದು ಪಾಯಿಂಟ್ ತಾನೇ" ಅನ್ನೋ ಜಗಳ ಅರ್ಧ ಇಳಿಯುತ್ತೆ.

ಹಸ್ತಾಂತರಕ್ಕೆ ಮುಂಚೆ ಸ್ನಾನದ ಮನೆಗಳಲ್ಲಿ 48 ಗಂಟೆ ನೀರು ನಿಲ್ಲಿಸಿ ಕೆಳಗಿನ ಸೀಲಿಂಗ್ ನೋಡಿ, ಪರೀಕ್ಷೆಯ ಹಾಳೆಯನ್ನು ಗ್ರಾಹಕರಿಗೆ ಕೊಡಿ. ಮನೆ ತೋರಿಸಲು ಎರಡು ಗಂಟೆಯಾದರೂ ಇಟ್ಟುಕೊಳ್ಳಿ, ಹಗಲು ಬೆಳಕಿನಲ್ಲಿ. ಪ್ಲಾಸ್ಟರಿನ ಕೂದಲೆಳೆ ಬಿರುಕು ಒಣಗುವಾಗ ಬರುವಂಥದ್ದು ಅಂತ ಮೊದಲೇ ಹೇಳಿದರೆ ಅದು ಮಾಹಿತಿ, ಅವರು ಕಂಡುಹಿಡಿದ ಮೇಲೆ ಹೇಳಿದರೆ ನೆಪ. ಆಮೇಲಿನ ದೂರುಗಳಿಗೆ ಮೂರು ಗಡುವು ಸಾಕು: ನೀರು ಸೋರಿಕೆ, ವಿದ್ಯುತ್, ಗ್ಯಾಸ್, ಬೀಗಕ್ಕೆ 24 ಗಂಟೆ, ಬಳಕೆಗೆ ಅಡ್ಡಿಯಾದದ್ದಕ್ಕೆ 7 ದಿನ, ಅಂದಚಂದದ್ದಕ್ಕೆ 30 ದಿನ. ಮನೆಯವರು ಒಪ್ಪದೆ ದೂರು ಮುಚ್ಚುವ ಅಧಿಕಾರ ಗುತ್ತಿಗೆದಾರನಿಗೆ ಕೊಡಬೇಡಿ.

ಬಿಲ್ಲಿಂಗ್ ನೋಡಿಕೊಳ್ಳುವವರು

ಎಲ್ಲರೂ ನೆರೆಯವರು, ಗ್ರಾಹಕರು ಅಂತಲೇ ಹೇಳ್ತಿದ್ದೀರಿ. ಗ್ರಾಹಕರಿಗೆ ಕೊಟ್ಟ ತಾರೀಖು ಉಳಿಸಬೇಕಾದವರು ಬಾರ್ ಬೆಂಡರ್ (ಕಂಬಿ ಕಟ್ಟುವವರು), ಪ್ಲಂಬರ್, ಟೈಲ್ಸ್ ಹಾಕುವವರು. ಅವರಿಗೆ ಬಿಲ್ ಸರಿಯಾದ ಹೊತ್ತಿಗೆ ಆಗದಿದ್ದರೆ ಒಳ್ಳೆ ಕೆಲಸಗಾರರನ್ನು ಸದ್ದಿಲ್ಲದೆ ಬೇರೆ ಸೈಟಿಗೆ ಕಳಿಸ್ತಾರೆ, ಜಗಳ ಆಡಲ್ಲ. ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಅಳತೆ ತೆಗೆಯುವ ದಿನ, ಬಿಲ್ ಒಪ್ಪುವ ದಿನ, ಹಣ ಬರುವ ದಿನ, ಮೂರೂ ಗೋಡೆಯ ಮೇಲಿರಲಿ. ಕಡಿತ ಮಾಡಿದರೆ ಯಾವ ಸಾಲಿಗೆ, ಎಷ್ಟು, ಯಾಕೆ ಅಂತ ಬರಹದಲ್ಲಿ ಕೊಡಿ. ರಿಟೆನ್ಷನ್ (ಬಿಲ್ಲಿನಿಂದ ತಡೆಹಿಡಿಯುವ ಹಣ) 5% ಹಿಡಿಯುತ್ತಿದ್ದರೆ ಅದರಲ್ಲಿ ಅರ್ಧ, ಕೆಲಸ ಮುಗಿದಾಗ, ಉಳಿದರ್ಧ ದೋಷ ಸರಿಪಡಿಸುವ ಅವಧಿ ಮುಗಿದಾಗ, ಅವರು ಕೇಳುವ ಮುಂಚೆಯೇ ಬಿಡುಗಡೆ ಆಗಬೇಕು.

ಕಾರ್ಮಿಕರನ್ನೂ ಪಟ್ಟಿಗೆ ಹಾಕಿ. ಬೆಳಿಗ್ಗೆ ಹತ್ತು ನಿಮಿಷದ ಸುರಕ್ಷತಾ ಮಾತು ಅವರ ಭಾಷೆಯಲ್ಲಿ. ಸ್ವಲ್ಪದರಲ್ಲಿ ತಪ್ಪಿದ ಅವಘಡ ಹೇಳಿದವರಿಗೆ ಬೈದರೆ ಮಾರನೇ ದಿನದಿಂದ ಯಾರೂ ಹೇಳಲ್ಲ, ರಿಜಿಸ್ಟರ್ ಮಾತ್ರ ಸ್ವಚ್ಛವಾಗಿರುತ್ತೆ.

ಯೋಜನಾ ಸಂಯೋಜಕರು

ಬಿಟ್ಟುಹೋದದ್ದು ಎರಡು. ಸಾಲ ಕೊಟ್ಟವರಿಗೆ ಷರತ್ತು ಮುರಿಯುವ ಸೂಚನೆ ಕಂಡಾಗಲೇ ಹೇಳಿ, ಮುರಿದ ಮೇಲಲ್ಲ. ಅವರ ಇಂಜಿನಿಯರ್ ಸೈಟಿಗೆ ಬಂದರೆ ಹೇಗೂ ಗೊತ್ತಾಗುತ್ತೆ. ನಿವಾಸಿಗಳ ಸಂಘಕ್ಕೆ ಹಸ್ತಾಂತರಿಸುವಾಗ ಕಟ್ಟಿದಂತೆಯೇ ಇರುವ ನಕ್ಷೆ, ಲಿಫ್ಟ್, ಪಂಪ್, ಅಗ್ನಿಶಾಮಕದ ಪರೀಕ್ಷಾ ವರದಿ, ವಾರಂಟಿ ಪತ್ರಗಳು ಸಿದ್ಧವಿರಬೇಕು. ಕೊನೇ ವಾರದಲ್ಲಿ ಹುಡುಕಿದರೆ ಸಿಗಲ್ಲ, ಗುತ್ತಿಗೆದಾರರ ಕೊನೇ ಬಿಲ್ಲಿಗೆ ಈ ಕಾಗದಗಳನ್ನು ಕಟ್ಟಿಹಾಕಿ.

ಪ್ರಶ್ನೆ ಕೇಳಿದವರು

ವಾರ್ಷಿಕ ವರದಿಗೆ ಏನಾದರೂ ಅಂಕಿಅಂಶ ಬೇಕಂತೆ. ಎಷ್ಟು ಸಭೆ ಮಾಡಿದೆವು ಅಂತ ಹಾಕೋದಾ?

ಗ್ರಾಹಕ ಸೇವೆಯವರು

ಸಭೆ ಎಣಿಸಬೇಡಿ ಮೇಡಂ. ದೂರಿಗೆ ಉತ್ತರ ಕೊಡಲು ಹಿಡಿದ ದಿನಗಳ ನಡುಮಟ್ಟ (ಮೀಡಿಯನ್, ಅಂದರೆ ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಡುವಿನ ಸಂಖ್ಯೆ), ತಾರೀಖು ಮೀರಿದ ಮಾತುಗಳು ಎಷ್ಟು, ಮುಚ್ಚಿದ ಮೇಲೆ ಮತ್ತೆ ತೆರೆದ ದೂರುಗಳು ಎಷ್ಟು. ಸರಾಸರಿ ಹಾಕಿದರೆ ಒಂದೇ ದಿನದಲ್ಲಿ ಮುಚ್ಚಿದ ನೂರು ಚಿಕ್ಕ ದೂರುಗಳು ಆರು ತಿಂಗಳಿಂದ ಕೊಳೆಯುತ್ತಿರುವ ಒಂದನ್ನು ಅಡಗಿಸುತ್ತವೆ. ನಡುಮಟ್ಟವೂ ಅದನ್ನು ತೋರಿಸಲ್ಲ, ಆದ್ದರಿಂದ ಅತಿ ಹಳೆಯ ದೂರಿನ ವಯಸ್ಸನ್ನು ಬೇರೆಯಾಗಿ ಬರೆಯಿರಿ. ದೂರು ಥಟ್ಟನೆ ಸೊನ್ನೆಗೆ ಇಳಿದರೆ ಸಂತೋಷಪಡುವ ಮುಂಚೆ ಫೋನ್ ಕೆಲಸ ಮಾಡುತ್ತಿದೆಯಾ ನೋಡಿ.

ಸೈಟ್ ಇಂಜಿನಿಯರ್

ಫೋನ್ ಅಂದಿದ್ದಕ್ಕೆ ನೆನಪಾಯ್ತು. ಗೇಟಿನ ಬೋರ್ಡಿನಲ್ಲಿ ಇಂಜಿನಿಯರರ ಸ್ವಂತ ನಂಬರ್ ಬರೆಸಬೇಡಿ. ಅವರು ಬೇರೆ ಸೈಟಿಗೆ ಹೋದ ದಿನ ನೆರೆಯವರ ಜೊತೆಗಿನ ಕೊಂಡಿಯೂ ಹೋಗುತ್ತೆ. ಕಂಪನಿಯ ನಂಬರ್ ಇರಲಿ, ಪಾಳಿಯಲ್ಲಿ ಇರುವವರ ಫೋನಿಗೆ ಅದು ತಿರುಗಲಿ. ಬೋರ್ಡ್ ಹಾಕಿದ ವಾರ, ಭಾನುವಾರ ರಾತ್ರಿ ಹತ್ತು ಗಂಟೆಗೆ ನೀವೇ ಬೇರೆ ಫೋನಿನಿಂದ ಆ ನಂಬರಿಗೆ ಕರೆಮಾಡಿ, ಯಾರು ಎತ್ತುತ್ತಾರೆ, ಏನು ಹೇಳುತ್ತಾರೆ ಅಂತ ಬರೆದುಕೊಳ್ಳಿ.