ಬೋರ್‌ವೆಲ್ ನೀರಿಗೆ ಕೊಳಚೆ ಎಲ್ಲಿಂದ ಸೇರುತ್ತಿದೆ? ಬಣ್ಣ ಬಿಟ್ಟು ನೋಡೋಣ

14ನೇ ಮನೆ:
ಎಲ್ಲರಿಗೂ ನಮಸ್ಕಾರ. ಬೋರ್‌ವೆಲ್ ನೀರಿನ ರಿಪೋರ್ಟ್ ಬಂದಿದೆ. ಕುಡಿಯುವ ನೀರು 100 ಮಿ.ಲೀ. ತೆಗೆದುಕೊಂಡರೆ ಅದರಲ್ಲಿ ಇ. ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ನಮ್ಮದರಲ್ಲಿ ಇದೆ. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ದಾಟಬಾರದು, ಅದೂ ದಾಟಿದೆ. ಕುಡಿಯಲು, ಅಡುಗೆಗೆ ದಯವಿಟ್ಟು ಬಳಸಬೇಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ.

22ನೇ ಮನೆ:
ಬೆಳಿಗ್ಗೆ ಮೋಟಾರ್ ಹಾಕಿದ ತಕ್ಷಣ ವಾಸನೆ ಬರುತ್ತದೆ ಎಂದು ನಾನು ಯುಗಾದಿಯಿಂದ ಹೇಳುತ್ತಿದ್ದೇನೆ. ಮೂಲೆ ಮನೆಯ ಕೊಳಚೆ ಪಿಟ್ ಬೋರ್‌ವೆಲ್ ಪಕ್ಕದಲ್ಲೇ ಇದೆ. ಇನ್ನೇನು ಹುಡುಕುವುದು? ನೋಟಿಸ್ ಕೊಡಿ.

31ನೇ ಮನೆ:
ಆ ಮೂಲೆ ಮನೆ ನಮ್ಮದೇ ಸರ್. ನಾವೂ ಅದೇ ನೀರು ಬಳಸುವವರು. ಹೋದ ವಾರ ಮಗಳಿಗೆ ಎರಡು ದಿನ ವಾಂತಿ ಭೇದಿ. ನಮ್ಮ ಪಿಟ್‌ನಿಂದ ಎಂದು ಖಚಿತವಾದರೆ ನಾಳೆಯೇ ಮುಚ್ಚಿಸುತ್ತೇನೆ. ಆದರೆ ಪಾರ್ಕ್ ಹತ್ತಿರದ ಯುಜಿಡಿ (ಒಳಚರಂಡಿ) ಚೇಂಬರ್ ಒಡೆದಿದೆ ಅಲ್ವಾ? ಅದನ್ನೂ ನೋಡಿ.

14ನೇ ಮನೆ:
ಪಕ್ಕದಲ್ಲಿದೆ ಎಂದು ಸುಮ್ನೆ ಯಾರ ಮೇಲೂ ಹೊರಿಸುವುದು ಬೇಡ. ನಮ್ಮ ಕೆಳಗಿರುವುದು ಗಟ್ಟಿ ಕಲ್ಲು. ನೀರು ಅದರ ಬಿರುಕುಗಳಲ್ಲಿ ಓಡುತ್ತದೆ. ಬಿರುಕು ಯಾವ ಕಡೆಗೋ ನೀರು ಆ ಕಡೆಗೆ. ಹತ್ತಿರದ ಪಿಟ್ ತಪ್ಪಿಸಿಕೊಂಡು ದೂರದ ಚೇಂಬರ್ ನೀರು ಬರಬಹುದು.

ಹೊಳೆಯುವ ಬಣ್ಣ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಇದು ಹಳೇ ದಾರಿ. ಜರ್ಮನಿಯ ಇಮ್ಮೆಂಡಿಂಗೆನ್ ಬಳಿ ಡ್ಯಾನ್ಯೂಬ್ ನದಿ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಆ ನೀರು ಯಾರದು ಎಂದು ಅಲ್ಲೂ ಕಿತ್ತಾಟ ನಡೆದಿತ್ತು. 1877ರಲ್ಲಿ ಫ್ಲೋರೆಸೀನ್ ಎಂಬ ಹೊಳೆಯುವ ಬಣ್ಣ 10 ಕೆ.ಜಿ. ಸುರಿದರು. ಸುಮಾರು 60 ಗಂಟೆಯ ನಂತರ, 12 ಕಿ.ಮೀ. ಆಚೆಯ ಆಖ್ ಬುಗ್ಗೆಯಲ್ಲಿ ನೀರು ಹಸಿರಾಗಿ ಉಕ್ಕಿತು. ಆ ಬುಗ್ಗೆಯ ನೀರು ಸೇರುವುದು ರೈನ್ ನದಿಗೆ!

22ನೇ ಮನೆ:
ಇರುವ ಕೊಳಚೆ ಸಾಲದು ಎಂದು ಕೆಮಿಕಲ್ ಬೇರೆ ಹಾಕಬೇಕಾ?

7ನೇ ಮನೆ:
ಸರ್, ನಾನು ಕಣ್ಣಿನ ವಿಭಾಗದಲ್ಲಿ ನರ್ಸ್ ಆಗಿದ್ದವಳು. ಕಣ್ಣಿಗೆ ಗೀರು ಬಿದ್ದರೆ ಡಾಕ್ಟರ್ ಕಿತ್ತಳೆ ಬಣ್ಣದ ಕಾಗದದ ಪಟ್ಟಿ ತಾಗಿಸಿ ನೀಲಿ ಬೆಳಕು ಬಿಡುತ್ತಾರೆ. ಗೀರು ಇದ್ದ ಕಡೆ ಹಸಿರಾಗಿ ಹೊಳೆಯುತ್ತದೆ. ಅದೂ ಇದೇ ಫ್ಲೋರೆಸೀನ್. ಆದರೂ ಪರೀಕ್ಷೆ ಮುಗಿಯುವ ತನಕ ಎಲ್ಲರೂ ಕ್ಯಾನ್ ನೀರೇ ಕುಡಿಯೋಣ.

14ನೇ ಮನೆ:
ಸರಿಯಾಗಿ ಹೇಳಿದಿರಿ ಆಂಟಿ. ಅನುಮಾನ ಇರುವುದು ಎರಡು ಕಡೆ, ಹಾಗಾಗಿ ಎರಡು ಬಣ್ಣ. ಪಿಟ್‌ಗೆ ಫ್ಲೋರೆಸೀನ್, ಚೇಂಬರ್‌ಗೆ ಕೆಂಪಗಿರುವ ರೋಡಮೀನ್ ಡಬ್ಲ್ಯೂಟಿ. ಎಷ್ಟು ಗ್ರಾಂ ಎಂದು ಭೂಜಲ ತಜ್ಞರೇ ಲೆಕ್ಕ ಹಾಕಲಿ. ವಾರ್ಡ್ ಕಚೇರಿಗೆ ಮೊದಲೇ ಪತ್ರ ಕೊಡೋಣ. ದಯವಿಟ್ಟು ಯಾರೂ ಹೋಳಿ ಬಣ್ಣ ತಂದು ಸುರಿಯಬೇಡಿ.

ಇನ್ನೊಂದು ಮುಖ್ಯ ವಿಷಯ. ನೀರಿನ ಸಂಪ್‌ಗೆ, ಚೇಂಬರ್‌ಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ಅಷ್ಟು ದಿನ ನಿಲ್ಲಿಸಿ. ಕ್ಲೋರಿನ್ ಬಣ್ಣವನ್ನೇ ತಿಂದುಬಿಡುತ್ತದೆ. ಬಿಸಿಲಿಗೂ ಫ್ಲೋರೆಸೀನ್ ಹಾಳಾಗುತ್ತದೆ, ಹೊತ್ತು ಹೊತ್ತಿಗೆ ಬೋರ್‌ವೆಲ್ ನೀರು ಹಿಡಿದಿಡುವ ಬಾಟಲಿಗಳಿಗೆ ಫಾಯಿಲ್ ಸುತ್ತಬೇಕು. ಹೋಲಿಸಿ ನೋಡಲು ಬಣ್ಣ ಬಿಡುವ ಮೊದಲೇ ಒಂದಷ್ಟು ನೀರು ತೆಗೆದಿಡಬೇಕು, ಯಾಕೆಂದರೆ ಕೆಲವು ಕಾರ್ ಕೂಲೆಂಟ್‌ಗಳಲ್ಲೂ ಇದೇ ಬಣ್ಣ ಇರುತ್ತದೆ. ಬೋರ್‌ವೆಲ್ ನೀರು ಬೀಳುವ ಕಡೆ ಇದ್ದಿಲಿನ ಪೊಟ್ಟಣ ಕಟ್ಟೋಣ. ನಾವು ನಿದ್ದೆ ಮಾಡುವಾಗಲೂ ಅದು ಬಣ್ಣ ಹಿಡಿದಿಡುತ್ತದೆ. ಕಣ್ಣಿಗೆ ಕಾಣದಷ್ಟು ಇದ್ದರೂ ಲ್ಯಾಬಿನ ಮೀಟರ್‌ಗೆ ಸಿಗುತ್ತದೆ.

31ನೇ ಮನೆ:
ಬಣ್ಣ ಬರದಿದ್ದರೆ ನಮ್ಮ ಪಿಟ್ ಚೆನ್ನಾಗಿದೆ ಎಂದು ಅರ್ಥವಾ?

14ನೇ ಮನೆ:
ಹಾಗೆ ಹೇಳಲು ಆಗುವುದಿಲ್ಲ ಸರ್. ನಿಧಾನವಾಗಿ ಬರಬಹುದು, ಮಣ್ಣಿಗೆ ಅಂಟಿಕೊಂಡಿರಬಹುದು. ಬಂದರೆ ಮಾತ್ರ ಖಚಿತ.

31ನೇ ಮನೆ:
ಆಗಲಿ. ಪಿಟ್ ಮುಚ್ಚಳ ನಾನೇ ತೆಗೆದುಕೊಡುತ್ತೇನೆ. ಖರ್ಚಿನಲ್ಲಿ ನನ್ನ ಪಾಲೂ ಇರಲಿ.

22ನೇ ಮನೆ:
ನೋಟಿಸ್ ಮಾತು ವಾಪಸ್ ತೆಗೆದುಕೊಂಡೆ. ಮಗು ಹೇಗಿದೆ ಈಗ? ರಾತ್ರಿ ಎರಡು ಗಂಟೆಯ ಬಾಟಲಿ ನನಗೆ ಬಿಡಿ, ಹೇಗೂ ಎಚ್ಚರ ಇರುತ್ತೇನೆ.

7ನೇ ಮನೆ:
ಬೆಳಿಗ್ಗೆ ಐದರದ್ದು ನನಗೆ. ಫಾಯಿಲ್ ಒಂದು ರೋಲ್ ಮನೆಯಲ್ಲಿದೆ, ತರುತ್ತೇನೆ.